ಅಲಗಿಲ್ಲದ ಈಳಿಗೆಮಣೆ

ನಮ್ಮ ಅಡುಗೆಮನೆಯಲ್ಲಿ ಗ್ಯಾಸ್ ಸಿಲಿಂಡರಿಗೂ ಗೋಡೆಗೂ ನಡುವಿನ ಗೇಣುದ್ದದ ಸಂದಿಯಲ್ಲಿ ಒಂದು ಈಳಿಗೆಮಣೆ ಹತ್ತಿರ ಹತ್ತಿರ ಒಂದು ವರ್ಷ ಅಲಗಿಲ್ಲದೆ ಕುಳಿತಿತ್ತು. ಈಳಿಗೆಮಣೆಯಿಂದ ಈಳಿಗೆಯನ್ನು ಕಿತ್ತರೆ ಉಳಿಯುವುದು ಅತ್ತ ಮಣೆಯೂ ಅಲ್ಲದ, ಇತ್ತ ಹಲಗೆಯೂ ಅಲ್ಲದ ಒಂದು ಪದಾರ್ಥ. ಕೂತು ಊಟ ಮಾಡೋಣವೆಂದರೆ ಸಾಲದಷ್ಟು ಕಿರಿದು, ಎಸೆಯೋಣವೆಂದರೆ ನನ್ನ ಹೆಂಡತಿ ಸುಶೀಲೆಯ ತವರಿನ ಹಲಸಿನ ಮರದ್ದು, ಅವಳ ಅಜ್ಜಿ ಮೊಳಕಾಲು ಒತ್ತಿ ಒತ್ತಿ ನುಣುಪಾಗಿಸಿದ್ದು. ಮನೆಗೆ ಬಂದವರು ಯಾರಾದರೂ, "ಇದ್ಯಾಕ್ರೀ ಇಟ್ಕೊಂಡಿದೀರಿ, ಬೋಳು ಮಣೆ?" ಎಂದು ಕೇಳಿದರೆ ಸುಶೀಲೆ ನನ್ನ ಕಡೆ ಬೆರಳು ತೋರಿಸಿ, "ಅವರನ್ನ ಕೇಳಿ, ಕಥೆ ಅವರದ್ದು" ಎನ್ನುತ್ತಿದ್ದಳು. ನಾನು ತಕ್ಷಣ ಹೆಬ್ಬಾಳದ ಮೇಲ್ಸೇತುವೆಯ ಟ್ರಾಫಿಕ್ಕಿನ ವಿಷಯಕ್ಕೆ ಜಾರಿಕೊಳ್ಳುತ್ತಿದ್ದೆ. ಬೆಂಗಳೂರಿನ ಉತ್ತರಭಾಗದಲ್ಲಿ ವಾಸಿಸುವವರಿಗೆ ಮಾತು ಮರೆಸಲು ಅದಕ್ಕಿಂತ ಒಳ್ಳೆಯ ವಿಷಯ ಇನ್ನೊಂದಿಲ್ಲ. ಇವತ್ತು ಜಾರಿಕೊಳ್ಳುವುದಿಲ್ಲ. ಕೂತುಕೊಳ್ಳಿ, ಹೇಳುತ್ತೇನೆ.

ನಾನು ಮೂವತ್ತು ವರ್ಷ ಒಂದು ಶಾಖಾ ಗ್ರಂಥಾಲಯದಲ್ಲಿ, 'ಮೌನವಾಗಿರಿ' ಎಂಬ ಬೋರ್ಡಿನ ಕೆಳಗೆ ಕುಳಿತು ಸಂಬಳ ತಿಂದವನು. ನಿವೃತ್ತನಾದ ಮರುದಿನವೇ ಸುಶೀಲೆ ನನಗೆ ತರಕಾರಿ ಹೆಚ್ಚುವ ಖಾತೆಯನ್ನು ವಹಿಸಿಕೊಟ್ಟಳು, ಮತ್ತು ಆ ಖಾತೆಯಲ್ಲಿ ನಾನು ಅನಿರೀಕ್ಷಿತವಾದ ಸುಖವನ್ನು ಕಂಡೆ. ಚಾಕುವಿಗೂ ಈಳಿಗೆಗೂ ಒಂದು ತಾತ್ವಿಕ ವ್ಯತ್ಯಾಸವಿದೆ, ನೀವು ಗಮನಿಸಿದ್ದೀರೋ ಇಲ್ಲವೋ. ಚಾಕು ತರಕಾರಿಯ ಮೇಲೆ ಎರಗುತ್ತದೆ. ಈಳಿಗೆ ತನ್ನ ಪಾಡಿಗೆ ತಾನು ನಿಂತಿರುತ್ತದೆ, ತರಕಾರಿಯೇ ಅದರ ಬಳಿ ಬರಬೇಕು. ನೆಲದ ಮೇಲೆ ಕುಳಿತು, ಮಣೆಯನ್ನು ಮೊಳಕಾಲಿನಿಂದ ಅದುಮಿ, ಎರಡೂ ಕೈಯಲ್ಲಿ ಹೀರೇಕಾಯಿಯನ್ನು ಅಲಗಿನತ್ತ ನೂಕುತ್ತ ಕುಳಿತವನಿಗೆ ಯಾರ ಮೇಲೂ ಸಿಟ್ಟು ಬರುವುದಿಲ್ಲ. ವಿದ್ಯಾರಣ್ಯಪುರದ ನಮ್ಮ ರಸ್ತೆಯಲ್ಲಿ ನಲವತ್ತು ಮನೆಗಳಿವೆ. ಪ್ರತಿ ಮನೆಯಲ್ಲೂ ಈಳಿಗೆ, ಚಾಕು, ಕತ್ತರಿ, ತೆಂಗಿನಕಾಯಿ ಸುಲಿಯುವ ಮಚ್ಚು ಎಲ್ಲ ಸೇರಿಸಿದರೆ ಒಂದು ಸಣ್ಣ ಪಾಳೆಯಗಾರನ ದಂಡಿಗೆ ಸಾಕಾಗುವಷ್ಟು ಉಕ್ಕು ಇದೆ. ಅಷ್ಟು ಉಕ್ಕನ್ನು ಇಟ್ಟುಕೊಂಡು ಪಕ್ಕಪಕ್ಕದಲ್ಲಿ ಮಲಗಿ ಬೆಳಿಗ್ಗೆ ಎದ್ದು "ಕಾಫಿ ಆಯ್ತಾ?" ಎಂದು ಕೇಳುತ್ತೇವಲ್ಲ, ಆ ನಂಬಿಕೆಗೇ ಸಮಾಜ ಎಂದು ಹೆಸರಿರಬೇಕು ಎಂದು ನಾನು ಆಗೆಲ್ಲ ಯೋಚಿಸುತ್ತಿದ್ದೆ.

ಈ ಉಕ್ಕಿಗೆಲ್ಲ ಹರಿತ ಕೊಡುತ್ತಿದ್ದವನು ಮಸ್ತಾನ್. ಚಿಕ್ಕಬಾಣಾವರದ ರೈಲ್ವೆ ಸ್ಟೇಷನ್ನಿನ ಹಿಂದಿನ ಓಣಿಯಿಂದ ಸೈಕಲ್ಲಿನಲ್ಲಿ ಬರುತ್ತಿದ್ದ. ಸೈಕಲ್ಲನ್ನು ಸ್ಟ್ಯಾಂಡಿಗೆ ಎತ್ತಿ, ಪೆಡಲು ತುಳಿದರೆ ಮುಂದಿನ ಸಾಣೆಕಲ್ಲು ತಿರುಗುವಂತೆ ತಾನೇ ಬೆಲ್ಟು ಕಟ್ಟಿಕೊಂಡಿದ್ದ. ತಿಂಗಳಿಗೊಮ್ಮೆ "ಸಾಣೇ... ಕತ್ರಿ, ಚಾಕು, ಈಳ್ಗೆ ಸಾಣೇ..." ಎಂಬ ಅವನ ಕೂಗು ರಸ್ತೆಯ ತುದಿಯಲ್ಲಿ ಕೇಳಿದರೆ ಹೆಂಗಸರು ಸೆರಗಿನ ಕೆಳಗೆ ಕತ್ತಿ ಹಿಡಿದು ನಗುತ್ತ ಹೊರಗೆ ಬರುತ್ತಿದ್ದರು. ಹದಿನೆಂಟು ವರ್ಷ ಬಂದ. ಅವನದೊಂದು ಪದ್ಧತಿಯಿತ್ತು: ಅಲಗಿನ ಮೇಲೆ ಕುಂಕುಮವಿದ್ದರೆ ತಾನು ಒರೆಸುತ್ತಿರಲಿಲ್ಲ. "ಮನೆಯವ್ರು ಇಟ್ಟಿದ್ದು, ಮನೆಯವ್ರೇ ಒರ್ಸಿಕೊಡ್ಬೇಕಮ್ಮ, ನಾನು ಒರ್ಸಲ್ಲ" ಎಂದು ಕೈಕಟ್ಟಿ ನಿಲ್ಲುತ್ತಿದ್ದ. ಆಯುಧಪೂಜೆಯ ಮರುವಾರ ಮಾತ್ರ ಹೀಗೆ ಅವನ ಕೆಲಸ ತಡವಾಗುತ್ತಿತ್ತು, ಆದರೂ ಪದ್ಧತಿ ಬಿಡುತ್ತಿರಲಿಲ್ಲ.

ಇನ್ನೊಬ್ಬರನ್ನು ನಿಮಗೆ ಪರಿಚಯಿಸಬೇಕು. ಅಕ್ಕಯಮ್ಮ. ಬಡಾವಣೆಯಾಗುವ ಮೊದಲು ಇದೆಲ್ಲ ರಾಗಿಹೊಲವಾಗಿದ್ದಾಗ ಇಲ್ಲಿ ಕಳೆ ಕಿತ್ತವಳು. ಈಗ ಅವರ ಕುಟುಂಬ ಮೂರಂತಸ್ತಿನ ಕಟ್ಟಡ ಕಟ್ಟಿ ಮೇಲೆ ವಾಸ, ಕೆಳಗೆ ಅವಳು. ಪಕ್ಕದ ಖಾಲಿ ಸೈಟು ಅವಳ ಹೆಸರಲ್ಲಿತ್ತು, ಅಲ್ಲೇ ಅವಳ ಎರಡು ಹಸುಗಳ ಕೊಟ್ಟಿಗೆ. ಕಟ್ಟಡ ಕಟ್ಟುವವರು ಎಷ್ಟು ಸುತ್ತಿದರೂ ರುಜು ಹಾಕಿರಲಿಲ್ಲ. ಸಾಯಂಕಾಲ ಹಾಲಿನ ಕ್ಯಾನು ಹಿಡಿದು ನಮ್ಮ ಮೆಟ್ಟಿಲ ಮೇಲೆ ಕೂತು, ಪುಸ್ತಕ ಮುಟ್ಟಿದವರೆಲ್ಲ ಮೇಷ್ಟ್ರೇ ಎಂಬ ಲೆಕ್ಕದಲ್ಲಿ, "ಏನ್ ಮೇಷ್ಟ್ರೇ, ಎಂಡ್ತಿ ಟಿವಿ ಮುಂದೆ, ನೀನು ಈಳ್ಗೆ ಮುಂದೆ! ಕಾಲ ಎಂಗ್ ಬಂತಪ್ಪ!" ಎಂದು ಇಡೀ ರಸ್ತೆಗೆ ಕೇಳುವಂತೆ ನಗುತ್ತಿದ್ದಳು. ನನ್ನ ಮಗಳ ಬಾಣಂತನದಲ್ಲಿ ಮೂರು ತಿಂಗಳು ಒಂದು ಹನಿ ನೀರು ಬೆರೆಸದ ಹಾಲು ಕೊಟ್ಟವಳು ಅವಳು.

ಕಳೆದ ವರ್ಷದ ಆಯುಧಪೂಜೆಯ ದಿನ ನಮ್ಮ ರಸ್ತೆ ಹೇಗಿತ್ತೆಂದು ನೀವು ಊಹಿಸಬಲ್ಲಿರಿ, ನಿಮ್ಮ ರಸ್ತೆಯೂ ಹಾಗೇ ಇದ್ದಿರುತ್ತದೆ. ನಲವತ್ತು ಮನೆಯ ಕಾರು, ಬೈಕುಗಳ ಮುಂದೆ ಬೂದುಗುಂಬಳಕ್ಕೆ ತೂತು ಕೊರೆದು, ಒಳಗೆ ಕುಂಕುಮ ತುಂಬಿ, ನೆಲಕ್ಕೆ ಅಪ್ಪಳಿಸಿದ್ದೇ ಅಪ್ಪಳಿಸಿದ್ದು; ಡಾಂಬರು ಕೆಂಪು, ಟೈರು ಕೆಂಪು, ಮೆಟ್ಟಿದ ಚಪ್ಪಲಿ ಕೆಂಪು, ಮಳೆ ಬರದೆ ಮೂರು ದಿನ ಆ ಕೆಂಪು ಹಾಗೇ ಉಳಿದಿತ್ತು. ನಾನೂ ಸ್ನಾನ ಮಾಡಿ, ಈಳಿಗೆಮಣೆಯನ್ನು ದೇವರ ಮುಂದಿಟ್ಟು, ಅಲಗಿನ ಉದ್ದಕ್ಕೂ ಧಾರಾಳವಾಗಿ ಕುಂಕುಮ ಬಳಿದು ಚೆಂಡುಹೂವು ಸಿಕ್ಕಿಸಿದೆ. "ಅಷ್ಟೊಂದು ಯಾಕ್ರೀ, ಅದೇನು ಮದುವಣಗಿತ್ತಿನಾ?" ಎಂದಳು ಸುಶೀಲೆ. ಮರುದಿನ ವಿಜಯದಶಮಿಗೆ ಅವಳು ಯಲಹಂಕದ ತಂಗಿಯ ಮನೆಗೆ ಬೊಂಬೆ ನೋಡಲು ಹೋಗಿ ಅಲ್ಲೇ ಉಳಿದುಕೊಂಡಳು.

ಅದರ ಮಾರನೆಯ ಬೆಳಿಗ್ಗೆ ಹತ್ತರ ಸುಮಾರಿಗೆ ಮಸ್ತಾನ್ ಬಂದ. ಅಲಗು ಮಣೆಯ ತೂತಿನಲ್ಲಿ ಅಲುಗಾಡುತ್ತಿತ್ತು. ಅವನು ಅದನ್ನು ಸಲೀಸಾಗಿ ಎಳೆದು ಹೊರತೆಗೆದು, "ಬುಡ ಸವೆದಿದೆ ಸಾರ್, ಕಾಯಿಸಿ ಬಡೀಬೇಕು. ಮನೆಗೆ ತಗೊಂಡೋಗಿ ನಾಳಿದ್ದು ತರ್ತೀನಿ. ಅಮ್ಮಾವ್ರನ್ನ ಕರೀರಿ, ಕುಂಕುಮ ಒರ್ಸಿಕೊಡ್ಲಿ" ಎಂದ. ಅಮ್ಮಾವ್ರು ಊರಲ್ಲಿಲ್ಲ, ನೀನೇ ಒರೆಸಿಕೊಳ್ಳಯ್ಯ ಎಂದೆ. ಅವನು ಒಪ್ಪಲಿಲ್ಲ. ನನಗೆ ಒಲೆಯ ಮೇಲಿನ ಹಾಲಿನ ಚಿಂತೆ. ನಾನು ಒರೆಸಿ ಕೊಡಬಹುದಿತ್ತು, ಒಂದು ಚಿಂದಿಬಟ್ಟೆ, ಅರ್ಧ ನಿಮಿಷ. ಆದರೆ ಸೋಮಾರಿತನ ನೋಡಿ, "ಹಾಗೇ ತಗೊಂಡು ಹೋಗು, ನಿನ್ನ ಮನೆಯ ಹತ್ತಿರ ಯಾರಾದರೂ ಒರೆಸುತ್ತಾರೆ" ಎಂದುಬಿಟ್ಟೆ. ಅವನು ಕುಂಕುಮ ಅಲುಗದಂತೆ ಅಲಗನ್ನು ದಿನಪತ್ರಿಕೆಯಲ್ಲಿ ಸುತ್ತಿ, ಸೈಕಲ್ಲಿನ ಚೀಲಕ್ಕಿಟ್ಟು ಹಿಂದಿನ ರಸ್ತೆಗೆ ಹೊರಟುಹೋದ.

ಅದೇ ಮಧ್ಯಾಹ್ನ ಅಕ್ಕಯಮ್ಮನನ್ನು ಅವಳ ಕೊಟ್ಟಿಗೆಯಲ್ಲಿ ಯಾರೋ ಕಡಿದು ಕೊಂದರು. ಹೂವಿನಾಕೆ ಹಾಲಿಗೆಂದು ಹೋದವಳು ನೋಡಿ ಕಿರುಚಿಕೊಂಡಳು. ಹಸುಗಳು ಹಗ್ಗ ಜಗ್ಗುತ್ತ ಕೂಗುತ್ತಿದ್ದವು. ಇದಕ್ಕಿಂತ ಹೆಚ್ಚು ಆ ಕೊಟ್ಟಿಗೆಯ ಬಗ್ಗೆ ನಾನು ಹೇಳಲಾರೆ. ಟಿವಿಯವರು ಬೇಕಾದಷ್ಟು ಹೇಳಿದ್ದಾರೆ, ಕೆಂಪು ವೃತ್ತ ಸುತ್ತಿ, ಸಂಗೀತ ಹಾಕಿ.

ನಾಲ್ಕು ಗಂಟೆಗೆ ರಸ್ತೆಯಲ್ಲಿ ನೂರು ಜನ. ಪೊಲೀಸರು ಕೊಟ್ಟಿಗೆಯೊಳಗೆ. ಏನೂ ಅರಿಯದ ಮಸ್ತಾನ್ ಹಿಂದಿನ ರಸ್ತೆ ಮುಗಿಸಿ, ಮನೆಗೆ ಹೋಗುವ ದಾರಿ ಅದೇ ಆದ್ದರಿಂದ, "ಸಾಣೇ..." ಎನ್ನುತ್ತ ನಮ್ಮ ರಸ್ತೆಗೆ ತಿರುಗಿದ. ಯಾರೋ ಸೈಕಲ್ಲಿನ ಹ್ಯಾಂಡಲ್ ಹಿಡಿದರು. ಅಕ್ಕಯಮ್ಮನ ಮೈದುನನ ಮಗ ಮುನಿರಾಜು, ಅದೇ ಕಟ್ಟಡದ ಎರಡನೇ ಮಹಡಿಯವನು, ಅತ್ತು ಅತ್ತು ಕಣ್ಣು ಊದಿಸಿಕೊಂಡಿದ್ದವನು, ಚೀಲಕ್ಕೆ ಕೈಹಾಕಿ ಕಾಗದದ ಸುರುಳಿ ಎಳೆದು ಬಿಚ್ಚಿದ. ಬಾಗಿದ ಅಲಗು, ಉದ್ದಕ್ಕೂ ಕೆಂಪು.

"ರಕ್ತ ಕಣ್ರೋ! ರಕ್ತ!"

ಮೊದಲ ಏಟು ಅವನೇ ಹಾಕಿದ. ಹೆಸರು ಕೇಳಿದರು, ಅವನು ಹೇಳಿದ, ಆಮೇಲೆ ಏಟುಗಳು ಇನ್ನೂ ಸರಾಗವಾಗಿ ಬಿದ್ದವು. ಇದನ್ನು ಹೇಳದೆ ಬಿಟ್ಟರೆ ನಾನು ಎರಡನೇ ಸಲ ಹೇಡಿಯಾಗುತ್ತೇನೆ. ಮಸ್ತಾನ್ ಕೈ ಅಡ್ಡ ಹಿಡಿದು, "ಕುಂಕುಮ ಅಣ್ಣಾ, ಪೂಜೆ ಕುಂಕುಮ! ಆ ಸಾರ್ ಮನೇದು! ಸಾರ್, ಹೇಳಿ ಸಾರ್!" ಎಂದು ಗುಂಪಿನಾಚೆ ನಿಂತಿದ್ದ ನನ್ನನ್ನು ತೋರಿಸಿದ. ನೂರು ಮುಖ ನನ್ನ ಕಡೆ ತಿರುಗಿತು. ಅಲಗಿನ ತುದಿಯ ಬಳಿ ತೆಂಗಿನ ಚಿಪ್ಪಿಗೆ ಬಡಿದು ಆಗಿದ್ದ ಕಚ್ಚು ನನಗೆ ನಿಂತಲ್ಲಿಂದಲೇ ಕಾಣುತ್ತಿತ್ತು, ಮಣೆ ನನ್ನ ಅಡುಗೆಮನೆಯಲ್ಲಿತ್ತು, ಕುಂಕುಮ ಬಳಿದ ಬೆರಳು ನನ್ನದೇ ಕೈಯಲ್ಲಿತ್ತು. ನಾನು ಏನು ಹೇಳಿದೆ ಗೊತ್ತೇ? "ಇರಬಹುದು. ನೋಡಬೇಕು" ಎಂದೆ.

ಇರಬಹುದು! ಮೂವತ್ತು ವರ್ಷ ಪುಸ್ತಕಗಳ ನಡುವೆ ಬದುಕಿದವನಿಗೆ ಸಿಕ್ಕಿದ್ದು ಇದೊಂದು ಪದ. ಅದರಲ್ಲಿ ಸುಳ್ಳಿಲ್ಲ ನೋಡಿ, ಅದೇ ಅದರ ಹೇಸಿಗೆ. ಪೊಲೀಸು, ಸಾಕ್ಷಿ, ಕೋರ್ಟು, ನೆರೆಯವರ ಕಣ್ಣು, ಇವೆಲ್ಲ ಒಂದು ಕ್ಷಣದಲ್ಲಿ ನನ್ನ ನಾಲಿಗೆಯ ಮೇಲೆ ಕುಳಿತವು. ಪಕ್ಕದ ಮನೆಯವರು ಹಿತೈಷಿಯಂತೆ ನನ್ನ ಭುಜ ತಟ್ಟಿ, "ನಮಗ್ಯಾಕೆ ಸಾರ್, ಒಳಗೆ ಹೋಗಿ, ಬಿಪಿ ಇದೆ ನಿಮಗೆ" ಎಂದರು. ನಾನು ಒಳಗೆ ಹೋದೆ. ಬಿಪಿ ಮಾತ್ರೆಯನ್ನೂ ನುಂಗಿದೆ. ಪೊಲೀಸರು ಮಸ್ತಾನನನ್ನೂ ಆ ಅಲಗನ್ನೂ ಜೀಪಿಗೆ ಹಾಕಿಕೊಂಡು ಹೋದದ್ದನ್ನು ಕಿಟಕಿಯಿಂದ ನೋಡಿದೆ. ಒಬ್ಬನನ್ನು ಕೊಂದವನು ಒಂದು ಜೀವ ತೆಗೆಯುತ್ತಾನೆ, ಆ ಲೆಕ್ಕ ಎಲ್ಲರಿಗೂ ಗೊತ್ತು. ಆದರೆ ಅದೇ ಹೊತ್ತಿನಲ್ಲಿ ಸುತ್ತಲಿನ ನೂರು ಜನರ ಬೆನ್ನುಮೂಳೆಯನ್ನೂ ಅವನು ಸದ್ದಿಲ್ಲದೆ ಮುರಿದಿರುತ್ತಾನೆ, ಅದಕ್ಕೆ ಯಾವ ಕಲಮಿನಲ್ಲೂ ಶಿಕ್ಷೆಯಿಲ್ಲ. ಮುರಿಸಿಕೊಂಡವರೂ ನೋವಾಯಿತೆಂದು ಹೇಳುವುದಿಲ್ಲ, ಊಟ ಮಾಡಿ ಮಲಗುತ್ತಾರೆ.

ಮರುದಿನ ಬೆಳಿಗ್ಗೆ ಸುಶೀಲೆ ಬಂದಳು. ವಿಷಯವೆಲ್ಲ ಅವಳಿಗೆ ಫೋನಿನಲ್ಲೇ ಮುಟ್ಟಿತ್ತು, ನನ್ನ 'ಇರಬಹುದು' ಒಂದನ್ನು ಬಿಟ್ಟು. ಅದನ್ನೂ ಹೇಳಿದೆ. ಅವಳು ನನ್ನನ್ನು ಬೈಯಲಿಲ್ಲ, ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ನೇರವಾಗಿ ಅಡುಗೆಮನೆಗೆ ಹೋಗಿ, ಅಲಗಿಲ್ಲದ ಮಣೆಯನ್ನು ಕಂಕುಳಲ್ಲಿ ಇರುಕಿಕೊಂಡು, "ಚಪ್ಪಲಿ ಹಾಕ್ಕೊಳ್ಳಿ" ಎಂದಳು. ಆಟೋ ಹಿಡಿದು ಹೊರಟೆವು. ಠಾಣೆಯಲ್ಲಿ ಮಣೆಯನ್ನು ಅಧಿಕಾರಿಯ ಮೇಜಿನ ಮೇಲೆ ದಡಾರನೆ ಇಟ್ಟು, "ಆ ಅಲಗು ತರಿಸಿ ಇದರಲ್ಲಿ ಕೂರಿಸಿ ನೋಡಿ ಸಾರ್. ಕೂತ್ಕೊಂಡ್ರೆ ಅವನನ್ನ ಬಿಡಿ. ಕೂರ್ದೆ ಇದ್ರೆ ನನ್ನ ಒಳಗೆ ಹಾಕಿ" ಎಂದಳು. ಅಲಗು ಕೂತಿತು. ಮೂಲೆಯ ಬೆಂಚಿನ ಮೇಲೆ ತುಟಿ ಒಡೆದುಕೊಂಡು ಕೂತಿದ್ದ ಮಸ್ತಾನ್ ಅವಳಿಗೆ ಕೈಮುಗಿದ, ನನ್ನ ಕಡೆ ನೋಡಲಿಲ್ಲ. ಅವನನ್ನು ಅವತ್ತೇ ಬಿಟ್ಟರು; ಅಲಗು ಮಾತ್ರ ಅವನ ಚೀಲದಲ್ಲಿ ಸಿಕ್ಕಿದ್ದರಿಂದ, ಬರೆದುಕೊಂಡದ್ದೆಲ್ಲ ಮುಗಿದ ಮೇಲೆ ಅವನಿಗೇ ಕೊಡುತ್ತೇವೆ ಎಂದರು. ನಾವು ಬೋಳು ಮಣೆ ಹಿಡಿದು ಮನೆಗೆ ಬಂದೆವು.

ಒಂಬತ್ತನೇ ದಿನ ಮುನಿರಾಜುವನ್ನು ಹಿಡಿದರು. ಹೌದು, ಅವನೇ. ಹುಲ್ಲು ಕತ್ತರಿಸುವ ಅವಳದೇ ಮಚ್ಚು, ಅವಳದೇ ಸೈಟಿನ ರುಜುವಿನ ಜಗಳ. ಅವನನ್ನು ಎತ್ತಿ ಆಡಿಸಿ, ಹಾಲುಗಿಣ್ಣು ತಿನ್ನಿಸಿ ಬೆಳೆಸಿದವಳು ಅಕ್ಕಯಮ್ಮ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾನೆಂದು ಗಾದೆ; ಈ ಕಳ್ಳ ತನ್ನ ಹೆಗಲು ಮುಟ್ಟಿಕೊಳ್ಳದೆ ಇನ್ನೊಬ್ಬನ ಕೆನ್ನೆಗೆ ಬಾರಿಸಿದ್ದ. ಆ ಗುಂಪಿನಲ್ಲಿ ಅವತ್ತು ರಕ್ತ ಹೇಗಿರುತ್ತದೆಂದು ನಿಜವಾಗಿ ಬಲ್ಲವನು ಅವನೊಬ್ಬನೇ, ಕುಂಕುಮವನ್ನು ನೋಡಿ ರಕ್ತ ಎಂದು ಕೂಗಿದವನೂ ಅವನೇ. ನಾವು ನೂರು ಜನ ಅವನ ಕೂಗಿಗೆ ಕೋರಸ್ಸು ಹಾಡಿದೆವು.

ಇನ್ನು ಮುಂದಿನದನ್ನು ಹೇಳುವಾಗ ನನಗೆ ಮೈಯೆಲ್ಲ ಉರಿಯುತ್ತದೆ, ಸ್ವಲ್ಪ ಧ್ವನಿ ಏರಿದರೆ ಕ್ಷಮಿಸಿ. ಕೊಲೆಗಾರ ಮನೆಯೊಳಗಿನವನೆಂದು ತಿಳಿದ ಮೇಲೆ ರಸ್ತೆಯವರು ಸಭೆ ಸೇರಿ ಏನು ತೀರ್ಮಾನಿಸಿದರು ಗೊತ್ತೇ? ರಸ್ತೆಯ ಎರಡೂ ತುದಿಗೆ ಗೇಟು! ಹೊರಗಿನವರು ಬರದಂತೆ! ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎಂಬ ಗಾದೆಯನ್ನು ನಾನು ಬಾಲ್ಯದಿಂದ ಕೇಳಿದ್ದೆ, ಅದಕ್ಕೆ ಕಬ್ಬಿಣದ ಗೇಟು ಹಾಕಿ ಹಸಿರು ಪೇಂಟು ಬಳಿದದ್ದನ್ನು ಕಣ್ಣಾರೆ ನೋಡಿದೆ. ಹದಿನಾರು ಕ್ಯಾಮೆರಾ ಬಂದವು. ಕಿಟಕಿಗಳಿಗೆ ಗ್ರಿಲ್ಲು, ಗ್ರಿಲ್ಲಿನ ಹಿಂದೆ ಬಲೆ. ಇಪ್ಪತ್ತು ವರ್ಷದಿಂದ ಮೊಳ ಅಳೆದು ಹೂ ಕೊಡುತ್ತಿದ್ದ ಹೂವಿನಾಕೆಯಿಂದ ಆಧಾರ್ ಕಾರ್ಡಿನ ಜೆರಾಕ್ಸ್ ಕೇಳಿದರು. ಕಿರುಚಿ ನಾಲ್ಕು ಜನರನ್ನು ಸೇರಿಸಿದವಳು ಅವಳು, ಅವಳೇ ಈಗ ಗೇಟಿನಾಚೆ ಬುಟ್ಟಿ ಇಟ್ಟುಕೊಂಡು ನಿಲ್ಲಬೇಕು. ಸಂಕ್ರಾಂತಿಗೆ ಎಳ್ಳು ಬೀರಲು ಬಂದ ಹೆಣ್ಣುಮಕ್ಕಳು ಜರಿಲಂಗ ಉಟ್ಟುಕೊಂಡು ಬೆಲ್ಲು ಒತ್ತಿ ಒತ್ತಿ ನಿಂತರು, ಒಳಗಿನಿಂದ "ಯಾರು? ಯಾರು ಬೇಕಿತ್ತು?" ಎಂದು ಕೇಳಿಯೇ ಕೇಳಿದರು. ಹಾಲು ಈಗ ಪ್ಯಾಕೆಟ್ಟಿನಲ್ಲಿ ಬರುತ್ತದೆ. ಯಾರೂ ಯಾರ ಮೆಟ್ಟಿಲ ಮೇಲೂ ಕೂರುವುದಿಲ್ಲ.

ಮತ್ತು ಅಕ್ಕಯಮ್ಮ? ಮೊದಲು "ಆ ವಯಸ್ಸಲ್ಲಿ ಸೈಟು ಹಿಡ್ಕೊಂಡು ಏನ್ ಮಾಡ್ಬೇಕಿತ್ತು, ಬರ್ದುಕೊಟ್ಟು ಸುಮ್ನಿರಬಾರ್ದಿತ್ತಾ" ಎಂದು ತಪ್ಪನ್ನು ಅವಳ ಮೇಲೇ ಹೊರಿಸಿದರು. ಕೊಂದವನಿಗೆ ಬೈಯುವುದಕ್ಕಿಂತ ಸತ್ತವಳಿಗೆ ಬುದ್ಧಿ ಹೇಳುವುದು ಸುಲಭ, ಅವಳು ತಿರುಗಿ ಮಾತಾಡುವುದಿಲ್ಲ ತಾನೇ. ಆಮೇಲೆ ಅವಳ ಹೆಸರನ್ನೇ ಬಿಟ್ಟರು. ಈಗ ಪಾರ್ಸೆಲ್ ತರುವವರಿಗೆ ನಮ್ಮ ಬೀದಿಯ ಜನ ದಾರಿ ಹೇಳುವುದು ಹೀಗೆ: "ಮರ್ಡರ್ ಮನೆಯಿಂದ ಎಡಕ್ಕೆ ಎರಡನೇದು." ಇಡೀ ರಸ್ತೆಯ ಮಕ್ಕಳಿಗೆ ಹಾಲೆರೆದ ಹೆಣ್ಣುಮಗಳು ನಮಗೆ ಈಗ ಒಂದು ತಿರುವಿನ ಗುರುತು. ಒಂದು ದಿನ ಫೋನಿನಲ್ಲಿ ನಾನೇ ಹಾಗೆ ಹೇಳುತ್ತಿದ್ದುದನ್ನು ಕೇಳಿಸಿಕೊಂಡು ಸುಶೀಲೆ ಫೋನನ್ನು ಕಿತ್ತುಕೊಂಡು, "ಅಕ್ಕಯಮ್ಮನ ಮನೆಯಿಂದ ಎರಡನೇದು ಕಣಪ್ಪ" ಎಂದು ತಿದ್ದಿದಳು. ಆ ಹುಡುಗನಿಗೆ ಅರ್ಥವಾಗದೆ ಪಾರ್ಸೆಲ್ಲು ಅರ್ಧ ಗಂಟೆ ತಡವಾಯಿತು. ಆಗಲಿ ಬಿಡಿ.

ಮಸ್ತಾನ್ ಮತ್ತೆ ನಮ್ಮ ರಸ್ತೆಗೆ ಬರಲಿಲ್ಲ. ಹೊಸ ಈಳಿಗೆ ಕೊಳ್ಳಲು ಸುಶೀಲೆ ಬಿಡಲಿಲ್ಲ. ನಾನು ಒಂದು ವರ್ಷ ಪ್ಲಾಸ್ಟಿಕ್ ಹಿಡಿಯ ಚಾಕುವಿನಲ್ಲಿ ಟೊಮೆಟೊಗಳನ್ನು ಜಜ್ಜಿದೆ. ಈ ಸಲದ ನವರಾತ್ರಿ ಹತ್ತಿರವಾದಾಗ ಅವಳು ಸಿಲಿಂಡರಿನ ಸಂದಿಯಿಂದ ಮಣೆಯನ್ನು ತೆಗೆದು, ಧೂಳು ಒರೆಸಿ, ನನ್ನ ಕಾಲ ಬುಡದಲ್ಲಿಟ್ಟು, "ಆಯುಧಪೂಜೆಗೆ ಇದಕ್ಕೆ ಕುಂಕುಮ ಎಲ್ಲಿಡ್ಬೇಕು, ಹೇಳಿ" ಎಂದಳು. ಅಷ್ಟೇ ಕೇಳಿದ್ದು. ನಾನು ಎದ್ದು ಚಪ್ಪಲಿ ಹಾಕಿಕೊಂಡೆ.

ಚಿಕ್ಕಬಾಣಾವರದ ಓಣಿಯಲ್ಲಿ ಸಾಣೆ ಮಸ್ತಾನ್ ಎಂದರೆ ಎಲ್ಲರಿಗೂ ಗೊತ್ತಿತ್ತು. ಮನೆ ಸಿಕ್ಕಿತು. ಸೈಕಲ್ಲು ಗೋಡೆಗೆ ಒರಗಿತ್ತು, ಸಾಣೆಕಲ್ಲಿನ ಮೇಲೆ ಯಾರದೋ ಟವೆಲ್ ಒಣಗುತ್ತಿತ್ತು. ಅವನು ನೀಲಿ ಸಮವಸ್ತ್ರದಲ್ಲಿ ಹೊರಗೆ ಬಂದ. ಈಗ ಒಂದು ಅಪಾರ್ಟ್‌ಮೆಂಟಿನಲ್ಲಿ ಸೆಕ್ಯೂರಿಟಿಯಂತೆ. ಬಂದ ಅಪರಿಚಿತರ ಹೆಸರು ಬರೆದುಕೊಳ್ಳುವ ಕೆಲಸ. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

"ಬನ್ನಿ ಸಾರ್. ಅಮ್ಮಾವ್ರು ಬರ್ತಾರೆ ಅನ್ಕೊಂಡಿದ್ದೆ. ನೀವು ಬರ್ತೀರ ಅನ್ಕೊಂಡಿರ್ಲಿಲ್ಲ" ಎಂದ. ಒಳಗೆ ಹೋಗಿ ಬಟ್ಟೆಯ ಗಂಟು ತಂದು ಬಿಚ್ಚಿದ. ನಮ್ಮ ಅಲಗು. ಬುಡ ಕಾಯಿಸಿ ಬಡಿದು, ಕಚ್ಚು ತೆಗೆದು, ಸಾಣೆ ಹಿಡಿದಿದ್ದ. "ಸ್ಟೇಷನ್‌ನೋರು ಕೊಟ್ಟ ದಿನಾನೇ ಮಾಡ್ಬಿಟ್ಟೆ. ಒಪ್ಕೊಂಡ ಕೆಲ್ಸ ಅಲ್ವಾ ಸಾರ್. ಕುಂಕುಮ ಪಕ್ಕದ್ಮನೆ ಅಮ್ಮನ ಕೈಲಿ ಒರ್ಸಿಸ್ದೆ." ನಾನು ಬಾಯ್ತುಂಬ ಕ್ಷಮೆ ಕೇಳಿದೆ, ಮತ್ತೆ ನಮ್ಮ ರಸ್ತೆಗೆ ಬಾ, ಗೇಟಿನವನಿಗೆ ನಾನು ಹೇಳುತ್ತೇನೆ, ಎಲ್ಲರಿಗೂ ನಾನು ಹೇಳುತ್ತೇನೆ ಎಂದೆ. ಅವನು ಅಲಗಿನ ಮೇಲೆ ಹೆಬ್ಬೆರಳು ಆಡಿಸುತ್ತ ಹೇಳಿದ:

"ಬರಲ್ಲ ಸಾರ್. ಹೊಡ್ದೋರ ಮೇಲೆ ಕೋಪ ಇಲ್ಲ. ಅವ್ರಿಗೆ ಗೊತ್ತಿರ್ಲಿಲ್ಲ, ಹೊಡುದ್ರು, ಆಯ್ತು. ನಿಮಗ್ ಗೊತ್ತಿತ್ತು. ಹದ್ನೆಂಟ್ ವರ್ಷ ನಿಮ್ಮನೆ ಬಾಗ್ಲಲ್ಲಿ ಕೂತಿದೀನಿ. ಏಟು ಮರ್ತೋಯ್ತು ಸಾರ್, ಆ 'ಇರಬಹುದು' ಮರೆಯೋಕಾಗ್ತಿಲ್ಲ."

ಪಕ್ಕದ ಮನೆಯ ಹೆಂಗಸು ಇದನ್ನೆಲ್ಲ ಕೇಳಿಸಿಕೊಳ್ಳುತ್ತ ಬಾಗಿಲಲ್ಲಿ ನಿಂತಿದ್ದವಳು, "ಹಬ್ಬದ ಮುಂದೆ ಬರೀ ಅಲಗು ಕಳಿಸ್ಬಾರ್ದು ಕಣಣ್ಣ" ಎನ್ನುತ್ತ ಬಂದು ಅಲಗಿಗೆ ನೀರಲ್ಲಿ ಕಲಸಿದ ಕುಂಕುಮದ ಒಂದು ದಪ್ಪ ಬೊಟ್ಟು ಇಟ್ಟಳು. ಮಸ್ತಾನ್ ಅದು ಅಳಿಸದಂತೆ ದಿನಪತ್ರಿಕೆಯಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟ. ಕೂಲಿ ಎಷ್ಟು ಕೊಟ್ಟರೂ ಮುಟ್ಟಲಿಲ್ಲ.

ವಾಪಸು ಬರುವ ಬಸ್ಸಿನಲ್ಲಿ ನೂಕುನುಗ್ಗಲು. ಕಾಗದದ ಸುರುಳಿಯನ್ನು ಎದೆಗೆ ಅವಚಿಕೊಂಡು ನಿಂತಿದ್ದೆ, ಕುಂಕುಮ ಆಗಲೇ ಕಾಗದದ ಹೊರಗೆ ಕೆಂಪಗೆ ಇಳಿದಿತ್ತು, ಅಲಗಿನ ತುದಿ ಕಾಗದ ಹರಿದು ಇಣುಕುತ್ತಿತ್ತು. ಈಗ ಕೇಳುತ್ತಾರೆ, ಈಗ ಯಾರಾದರೂ ಕೂಗುತ್ತಾರೆ ಎಂದು ಕಾದೆ. ಸೀಟಿನಲ್ಲಿ ಕೂತಿದ್ದ ಒಬ್ಬ ಪೊಲೀಸಿನವನು ನನ್ನ ಬಿಳಿ ಕೂದಲನ್ನೂ ಹಣೆಯ ವಿಭೂತಿಯನ್ನೂ ನೋಡಿ ಎದ್ದು ನಿಂತು, "ಕೂತ್ಕೊಳ್ಳಿ ಸಾರ್. ದೇವಸ್ಥಾನಕ್ಕೆ ಹೋಗಿದ್ರಾ? ಪ್ರಸಾದಾನಾ?" ಎಂದು ಕೇಳಿದ. ಅಲ್ಲಪ್ಪ, ಇದು ಒಂದು ಕಾಲಕ್ಕೆ ಕೊಲೆಯ ಆಯುಧವಾಗಿತ್ತು ಎನ್ನಬೇಕೆನಿಸಿತು. "ಈಳಿಗೆ" ಎಂದೆ. "ಓ, ಮನೇಲಿ ಅಮ್ಮಾವ್ರ ಆರ್ಡರು!" ಎಂದು ನಕ್ಕ, ಸುತ್ತಲಿದ್ದವರೂ ನಕ್ಕರು. ನಮ್ಮ ರಸ್ತೆಯ ಹಸಿರು ಗೇಟಿನವನು ಸಲಾಮು ಹೊಡೆದು ಬಾಗಿಲು ತೆರೆದ, ಹೆಸರು ಬರೆಯೆಂದೂ ಕೇಳಲಿಲ್ಲ. ಅದೇ ಅಲಗು, ಅದೇ ಕುಂಕುಮ, ಅಂಥದೇ ಕಾಗದ, ಅದೇ ರಸ್ತೆ. ಬದಲಾದದ್ದು ಹಿಡಿದ ಕೈ ಮಾತ್ರ. ಹದಿನಾರು ಕ್ಯಾಮೆರಾಗಳೂ ನನ್ನನ್ನು ನೋಡಿದವು, ಒಂದಕ್ಕೂ ನಾನು ಕಾಣಿಸಲಿಲ್ಲ.

ಮನೆಗೆ ಬಂದು ಅಲಗನ್ನು ಮಣೆಯ ತೂತಿಗೆ ಕೂರಿಸಿ ಗುಂಡುಕಲ್ಲಿನಿಂದ ಎರಡು ಏಟು ಹಾಕಿದೆ. ಕೂತುಕೊಂಡಿತು, ಇನಿತೂ ಅಲುಗಲಿಲ್ಲ. ಸಾರಿಗೆಂದು ಒಂದು ಟೊಮೆಟೊ ಹಿಡಿದೆ. ವರ್ಷವಿಡೀ ಮೊಂಡು ಚಾಕುವಿನ ಮೇಲೆ ಬಲ ಹಾಕಿದ ಅಭ್ಯಾಸ, ಅದೇ ಬಲದಲ್ಲಿ ನೂಕಿದೆ. ಟೊಮೆಟೊ ಬೆಣ್ಣೆಯಂತೆ ಹೋಳಾಯಿತು, ಜೊತೆಗೆ ಹೆಬ್ಬೆರಳೂ ಸೀಳಿತು. ಸುಶೀಲೆ ಅರಿಸಿನದ ಡಬ್ಬಿ ಹಿಡಿದು ಓಡಿಬಂದು, ಗಾಯಕ್ಕೆ ಒತ್ತಿ, ಬಟ್ಟೆ ಸುತ್ತಿದಳು. ಅಲಗಿನ ಮೇಲೆ ಎರಡು ಹನಿ ಉಳಿದಿತ್ತು, ಆ ಹೆಂಗಸಿಟ್ಟ ಬೊಟ್ಟಿನ ಪಕ್ಕದಲ್ಲೇ. ಅವಳು ಒರೆಸಲು ಹೋದಾಗ ಬೇಡವೆಂದು ತಡೆದೆ. ಕುಕ್ಕರು ಮೂರು ಕೂಗು ಕೂಗುವಷ್ಟರಲ್ಲಿ ನನ್ನ ರಕ್ತ ಹುಣಸೆಹಣ್ಣಿನ ಬಣ್ಣಕ್ಕೆ ತಿರುಗಿ, ಕರೆಗಟ್ಟಿ, ಅಂಚಿನಲ್ಲಿ ಕಪ್ಪಾಯಿತು. ಕುಂಕುಮ ಇಟ್ಟಾಗ ಹೇಗಿತ್ತೋ ಹಾಗೇ ಕೆಂಪಗಿತ್ತು. ದಿನಾ ಕೈ ಕೊಯ್ದುಕೊಳ್ಳುವ, ದಿನಾ ಕುಂಕುಮ ಮುಟ್ಟುವ ನಲವತ್ತು ಮನೆಯ ಜನ ನಾವು. ಬೆಳಿಗ್ಗೆ ಹತ್ತು ಗಂಟೆಗೆ ಸುತ್ತಿದ್ದ ಆ ಅಲಗು ಸಂಜೆ ನಾಲ್ಕಕ್ಕೂ ಹಬ್ಬದ ಕೆಂಪಿನಲ್ಲೇ ಇತ್ತು, ನಮ್ಮ ಕಾಲಕೆಳಗಿನ ಡಾಂಬರಿನ ಮೇಲೂ ಅದೇ ಕೆಂಪಿತ್ತು; ಮಧ್ಯಾಹ್ನದ ರಕ್ತವಾಗಿದ್ದರೆ ಅಷ್ಟು ಹೊತ್ತಿಗೆ ಕಪ್ಪಾಗಿರುತ್ತಿತ್ತು.

ಸುಶೀಲೆ ಎರಡನ್ನೂ ನೋಡಿದಳು, ನನ್ನನ್ನೂ ನೋಡಿದಳು.

"ಇಷ್ಟು ಗೊತ್ತಾಗೋಕೆ ಒಂದು ವರ್ಷ ಬೇಕಾಯ್ತಾ ನಿಮಗೆ?"

"ಇಲ್ಲ" ಎಂದೆ. "ಅವತ್ತೇ ಗೊತ್ತಿತ್ತು."